ಮಲ್ಲಯ್ಯನ ದಾರಿಗೆ ಯಾವ ಚಪ್ಪಲಿ?

ಶಿವರಾತ್ರಿ ಮುಗಿಯುತ್ತಿದ್ದಂತೆ ನನಗೆ ಫೋನುಗಳು ಶುರುವಾಗುತ್ತವೆ. ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗಬೇಕು ಅಂತ ಮನಸ್ಸು ಮಾಡಿದವರು. ಹೆಚ್ಚಿನವರು ಬೆಂಗಳೂರು, ಪುಣೆ ಅಂತ ಕೆಲಸದಲ್ಲಿರುವ ನಮ್ಮ ಬಾಗಲಕೋಟೆ ಕಡೆಯ ಹುಡುಗರು, ಮೊದಲ ಸಲ ಹೊರಟವರು. ರಾತ್ರಿ ಎಲ್ಲಿ ಮಲಗೋದು, ಊಟ ಯಾರು ಹಾಕ್ತಾರೆ ಅಂತ ಅವರು ಕೇಳುವುದಿಲ್ಲ. ಅದನ್ನೆಲ್ಲ ಮಲ್ಲಯ್ಯನಿಗೆ, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನಿಗೆ ಬಿಟ್ಟಿರುತ್ತಾರೆ. ಹಾಗೆ ಬಿಡುವುದೂ ಸರಿಯೇ, ದಾರಿಯುದ್ದಕ್ಕೂ ದಾಸೋಹ ಇರುತ್ತದೆ. ಕೇಳುವುದು ಒಂದೇ ಪ್ರಶ್ನೆ. "ಅಣ್ಣಾ, ಶೂ ಯಾವು ತಗೋಬೇಕ್ರಿ?" ಜೊತೆಗೆ ನಾಲ್ಕು ಫೋಟೋ, ನಾಲ್ಕರ ರೇಟು. ಇದೇ ಮಾತು ಊರಲ್ಲಿ ಹಿರಿಯರ ಮುಂದೆ ಎತ್ತಿದರೆ ಬೇರೆಯೇ ಉತ್ತರ ಬರುತ್ತದೆ. "ದೇವರ ಕಡೆ ಹೋಗಾಕ ಬೂಟು ಯಾಕ ಬೇಕೋ? ನಮ್ಮಪ್ಪ ಬರಿಗಾಲಾಗ ಹೋಗಿ ಬಂದಾನ." ಹುಡುಗ ಸುಮ್ಮನಾಗುತ್ತಾನೆ. ಆಮೇಲೆ ಗುಟ್ಟಾಗಿ ಶೂ ಆರ್ಡರ್ ಮಾಡುತ್ತಾನೆ.

ಈ ಇಬ್ಬರ ಮಧ್ಯೆ ನಿಂತು ನನಗೆ ಸುಮಾರು ವರ್ಷ ಕಿರಿಕಿರಿಯಾಗಿದೆ. ಯಾಕೆ ಅಂತ ಯೋಚಿಸಿದರೆ ಹೊಳೆಯುವುದು ಇಷ್ಟು. ಹುಡುಗ ಅಂಗಡಿಯ ಎಸಿಯಲ್ಲಿ ಕೂತಾಗ ಇರುವ ತನ್ನ ಕಾಲಿಗೆ ಶೂ ಹುಡುಕುತ್ತಿದ್ದಾನೆ. ಹಿರಿಯರು ತಮ್ಮ ಅಪ್ಪನ ಕಾಲಿನ ಬಗ್ಗೆ ಮಾತಾಡುತ್ತಿದ್ದಾರೆ. ದಾರಿಯಲ್ಲಿ ನಡೆಯುವುದು ಇವೆರಡೂ ಅಲ್ಲದ ಮೂರನೆಯ ಒಂದು ಕಾಲು. ಅದು ಹೇಗಿರುತ್ತದೆ ಅಂತ ಹೊರಡುವ ತನಕ ಯಾರೂ ಕಂಡಿರುವುದಿಲ್ಲ.

ಸಂಜೆಯ ಕಾಲು

ಬಾಗಲಕೋಟೆಯಿಂದ ರಾಯಚೂರು, ಕರ್ನೂಲು, ಆತ್ಮಕೂರು ಹಿಡಿದು ಹೋದರೆ ಹತ್ತಿರ ಹತ್ತಿರ 400 ಕಿಲೋಮೀಟರು. ಕಿಲೋಮೀಟರಿಗೆ 1,400 ಹೆಜ್ಜೆ ಅಂತ ಹಿಡಿಯಿರಿ, 5 ಲಕ್ಷ 60 ಸಾವಿರ ಹೆಜ್ಜೆ ಆಯಿತು. ಆಫೀಸಿಗೆ ಹಾಕಿಕೊಂಡು ಹೋಗುವಾಗ ಗೊತ್ತೇ ಆಗದ ಒಂದು ಸಣ್ಣ ಹೊಲಿಗೆ ಇಷ್ಟು ಸಲ ಒಂದೇ ಜಾಗಕ್ಕೆ ತಾಗಿದರೆ ಏನಾಗುತ್ತದೆ ಅಂತ ಯಾರಿಗಾದರೂ ಅರ್ಥವಾಗುತ್ತದೆ. ಆದರೆ ಕಾಲು ಊದಿಕೊಳ್ಳುತ್ತದೆ ಅನ್ನುವುದನ್ನು ಹೊಸಬರು ನಂಬುವುದೇ ಇಲ್ಲ. ದಿನಕ್ಕೆ 35-40 ಕಿಲೋಮೀಟರು, ಅದೂ ಮಾರ್ಚ್ ತಿಂಗಳ ರಾಯಚೂರಿನ ಬಿಸಿಲಿನಲ್ಲಿ ನಡೆದರೆ ನೀರು ಕಾಲಿಗೆ ಇಳಿಯುತ್ತದೆ. ಪಾದದ ಕಮಾನು ಭಾರಕ್ಕೆ ಸ್ವಲ್ಪ ಚಪ್ಪಟೆಯಾಗುತ್ತದೆ. ಕಾಲು ಅಗಲವೂ ಆಗುತ್ತದೆ, ಉದ್ದವೂ ಆಗುತ್ತದೆ. ಒಂದೆರಡು ದಿನ ಕಳೆಯುವಷ್ಟರಲ್ಲಿ ಎಂಟನೇ ನಂಬರಿನವನು ಒಂಬತ್ತರವನಾಗಿರುತ್ತಾನೆ. ಶೂ ಮಾತ್ರ ಎಂಟೇ ಇರುತ್ತದೆ.

ಅದಕ್ಕೇ ನಾನು ಯಾವ ಕಂಪನಿ ಅಂತ ಹೇಳುವುದನ್ನು ಬಿಟ್ಟಿದ್ದೇನೆ. ಹೇಳುವುದು ಇಷ್ಟೇ. ಅಂಗಡಿಗೆ ಸಂಜೆ ಹೋಗು. ಇಡೀ ದಿನ ಓಡಾಡಿದ ಮೇಲೆ ಹೋಗು. ದಾರಿಯಲ್ಲಿ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗು. ಎರಡೂ ಕಾಲಿಗೂ ಹಾಕಿ ನೋಡು, ಎಡಕ್ಕೂ ಬಲಕ್ಕೂ ವ್ಯತ್ಯಾಸ ಇರುತ್ತದೆ, ದೊಡ್ಡ ಕಾಲು ಹೇಳಿದ ಹಾಗೆ ತಗೋ. ನಿಂತಾಗ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಬೇಕು. ಈ ಉದ್ದದ ಬೆರಳು ಎಷ್ಟೋ ಜನಕ್ಕೆ ಹೆಬ್ಬೆರಳಲ್ಲ, ಪಕ್ಕದ್ದು. ಅಂಗಡಿಯವನು ಹೆಬ್ಬೆರಳನ್ನು ಒತ್ತಿ ನೋಡಿ "ಪರ್ಫೆಕ್ಟ್ ಸಾರ್" ಅಂತಾನೆ. ಆ ಪರ್ಫೆಕ್ಟು ಲಿಂಗಸುಗೂರು ಮುಟ್ಟುವ ಹೊತ್ತಿಗೆ ಮುಗಿದಿರುತ್ತದೆ.

ಬೊಬ್ಬೆ ಯಾಕೆ ಏಳುತ್ತದೆ ಅನ್ನುವುದರ ಬಗ್ಗೆಯೂ ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಇದೆ. ಶೂ ಉಜ್ಜಿ ಚರ್ಮ ಸವೆಯುತ್ತದೆ ಅಂತ ಅಂದುಕೊಳ್ಳುತ್ತೇವೆ. ಅಸಲಿಗೆ ಬೆವರಿಗೆ ಒದ್ದೆಯಾದ ಚರ್ಮ ಸಾಕ್ಸಿಗೆ ಅಂಟಿಕೊಂಡು ನಿಂತಲ್ಲೇ ನಿಂತಿರುತ್ತದೆ. ಒಳಗಿನ ಮೂಳೆ ಹೆಜ್ಜೆ ಹೆಜ್ಜೆಗೂ ಹಿಂದೆ ಮುಂದೆ ಸರಿಯುತ್ತಿರುತ್ತದೆ. ಮಧ್ಯದ ಪದರಗಳು ಎಳೆದಾಟ ತಾಳದೆ ಬಿಟ್ಟುಕೊಳ್ಳುತ್ತವೆ, ಆ ಸಂದಿಗೆ ನೀರು ತುಂಬುತ್ತದೆ. ಹೆಂಚಿನ ಮೇಲೆ ರೊಟ್ಟಿ ಉಬ್ಬಿದಾಗ ಮೇಲಿನ ಪದರ ಬೇರೆಯಾಗುತ್ತದಲ್ಲ, ಹಾಗೆ. ಇದು ಗೊತ್ತಾದರೆ ಏನು ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ. ದಪ್ಪನೆಯ ಹತ್ತಿ ಸಾಕ್ಸು ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ, ಅದು ಬೇಡ. ಬೇಗ ಒಣಗುವ ತೆಳು ಸಾಕ್ಸು, ಮಧ್ಯಾಹ್ನಕ್ಕೊಂದು ಬದಲಿ. ಬೊಬ್ಬೆ ಏಳುವ ಜಾಗಕ್ಕೆ ಮುಂಚೆಯೇ ಕಾಗದದ ಮೆಡಿಕಲ್ ಟೇಪು, ಮೆಡಿಕಲ್ ಶಾಪಿನಲ್ಲಿ ಮೈಕ್ರೋಪೋರ್ ಅಂತ ಸಿಗುತ್ತದಲ್ಲ, ಅದನ್ನು ಸುತ್ತುವುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಮರುಭೂಮಿ ಓಟಗಾರರ ಕಾಲಿನ ಮೇಲೆ ಇದನ್ನು ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದ್ದರು. ಟೇಪು ಹಚ್ಚಿದ ಜಾಗದಲ್ಲಿ ಬೊಬ್ಬೆ ಶೇಕಡಾ 40ರಷ್ಟು ಕಡಿಮೆಯಾಗಿತ್ತು. ಸಾವಿರಾರು ರೂಪಾಯಿಯ ಶೂ ಮಾಡದ ಕೆಲಸವನ್ನು ಸಣ್ಣ ಟೇಪಿನ ಸುರುಳಿ ಮಾಡುತ್ತದೆ. ಆದರೆ ಟೇಪಿನ ಫೋಟೋ ಯಾರೂ ಕಳಿಸುವುದಿಲ್ಲ.

(ಬೊಬ್ಬೆಗೆ ಸೂಜಿ ಚುಚ್ಚಿ ದಾರ ಒಳಗೇ ಬಿಡುವ ಪದ್ಧತಿ ನಮ್ಮಲ್ಲಿ ಈಗಲೂ ಇದೆ. ದಯವಿಟ್ಟು ಬೇಡ. ದಾರದ ಜೊತೆ ಧೂಳೂ ಒಳಗೆ ಹೋಗುತ್ತದೆ. ನಡೆಯಲಾಗದಷ್ಟು ನೋವಿದ್ದರೆ ಶುದ್ಧ ಮಾಡಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆಯಿರಿ. ಮೇಲಿನ ಚರ್ಮ ಕೀಳಬೇಡಿ.)

ಬಿಳಿ ಗೆರೆಯ ಮೇಲೆ ನಡೆಯುವವರು

ಈಗ ಬರಿಗಾಲಿನ ಮಾತು. ಹೆಗಲ ಮೇಲೆ ಕಂಬಿ, ಅಂದರೆ ಮಲ್ಲಯ್ಯನ ಕಾವಡಿ ಹೊತ್ತವರು ಚಪ್ಪಲಿ ಮೆಟ್ಟಿದ್ದನ್ನು ನಾನು ನೋಡಿಲ್ಲ. ಹರಕೆ ಹೊತ್ತು ಪೂರ್ತಿ ಬರಿಗಾಲಲ್ಲಿ ಬರುವವರೂ ಬಹಳ ಜನ. ಇನ್ನು ಮರಗಾಲು ಕಟ್ಟಿಕೊಂಡು ಬರುವವರಿದ್ದಾರೆ. ಅವರ ಮುಂದೆ ಚಪ್ಪಲಿ ಚರ್ಚೆ ಮಾಡಲು ನಾಚಿಕೆಯಾಗುತ್ತದೆ. ಎರಡು ಕೋಲು, ಕಾಲಿಡಲು ಒಂದು ಮೆಟ್ಟು, ಅದಕ್ಕೆ ಸುತ್ತಿದ ಹಳೆ ಬಟ್ಟೆ. ನಿಂತರೆ ಬೀಳುತ್ತಾರೆ, ಅದಕ್ಕೆ ನಿಲ್ಲುವಾಗಲೂ ಹೆಜ್ಜೆ ಹಾಕುತ್ತಲೇ ಇರುತ್ತಾರೆ. ಸಂಜೆ ಕಟ್ಟು ಬಿಚ್ಚಿದಾಗ ಮೊಣಕಾಲಿನ ಕೆಳಗೆ ಹಗ್ಗದ ಗುರುತು ಕೆಂಪಗೆ ಮೂಡಿರುತ್ತದೆ.

ಬರಿಗಾಲಿನವರನ್ನು ಹಗಲು ಹನ್ನೆರಡರ ಬಿಸಿಲಲ್ಲಿ ಗಮನಿಸಿದರೆ ಒಂದು ವಿಷಯ ಕಾಣುತ್ತದೆ. ಎಲ್ಲರೂ ಸಾಲಾಗಿ ರಸ್ತೆ ಅಂಚಿನ ಬಿಳಿ ಗೆರೆಯ ಮೇಲೆ ನಡೆಯುತ್ತಿರುತ್ತಾರೆ. ಗಾಳಿಯ ಬಿಸಿ 40 ಡಿಗ್ರಿ ಇದ್ದರೆ ಡಾಂಬರು 60 ದಾಟಿರುತ್ತದೆ. ಬಿಳಿ ಬಣ್ಣ ಅಷ್ಟು ಕಾಯುವುದಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ಪಾದಗಳೇ ಹುಡುಕಿಕೊಂಡ ದಾರಿ. ಒಂದು ಗೇಣಿನಷ್ಟೂ ಅಗಲವಿಲ್ಲದ ಆ ಪಟ್ಟಿಯ ಮೇಲೆ ಒಂದು ಕಾಲಿನ ಮುಂದೆ ಇನ್ನೊಂದು ಇಟ್ಟು ಊರುಗಟ್ಟಲೆ ನಡೆಯುತ್ತಾರೆ. ಗೆರೆ ಅಳಿಸಿಹೋದ ಕಡೆ ಸಾಲು ಚದುರುತ್ತದೆ, ಎಲ್ಲರೂ ಪಕ್ಕದ ಮಣ್ಣಿಗಿಳಿದು ಜಾಲಿ ಮುಳ್ಳು ನೋಡಿಕೊಂಡು ಕಾಲಿಡುತ್ತಾರೆ. ಈ ಬಿಸಿಯ ಕಾಟಕ್ಕೇ ಹೆಚ್ಚಿನ ಗುಂಪುಗಳು ನಸುಕಿನ ಎರಡು ಮೂರು ಗಂಟೆಗೆ ಹೊರಟು, ಬಿಸಿಲೇರುವ ಹೊತ್ತಿಗೆ ಯಾವುದಾದರೂ ಗುಡಿಯ ಕಟ್ಟೆ ಸೇರಿಬಿಡುತ್ತವೆ. ಕತ್ತಲಲ್ಲಿ ಲಾರಿಗಳ ಭಯ. ಬೆನ್ನಿಗೆ, ಹಿಮ್ಮಡಿಗೆ ಹೊಳೆಯುವ ಸ್ಟಿಕ್ಕರ್ ಅಂಟಿಸಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಶೂಗಿಂತ ಅದು ಮುಖ್ಯ.

ಮಾನ್ವಿಯ ಹತ್ತಿರ ಒಂದು ಮಧ್ಯಾಹ್ನ ಒಬ್ಬ ಅಜ್ಜಿಯ ಜೊತೆ ಬೇವಿನ ನೆರಳಲ್ಲಿ ಕೂತಿದ್ದೆ. ಎಪ್ಪತ್ತರ ಹತ್ತಿರ ಇರಬೇಕು. ತೊಡೆಯ ಮೇಲೆ ಒಂದು ಕೈಚೀಲ. ಅದರಲ್ಲಿ ಭ್ರಮರಾಂಬೆಗೆ ಇಳಕಲ್ ಸೀರೆ, ಕುಪ್ಪಸ, ಉಡಿ ತುಂಬುವ ಸಾಮಾನು. ನಮ್ಮ ಕಡೆಯವರಿಗೆ ಭ್ರಮರಾಂಬೆ ಮನೆ ಮಗಳು, ಮಲ್ಲಯ್ಯ ಅಳಿಯ. ತವರಿನವರು ಬರಿಗೈಯಲ್ಲಿ ಹೋಗುವುದುಂಟಾ? ಸೀರೆಗೆ ಮುಟ್ಟಬಾರದು ಅಂತ ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಜೊತೆ ನೀಲಿ ಹವಾಯಿಯೂ ಅದೇ ಚೀಲದಲ್ಲಿತ್ತು. ಬೆಳಗ್ಗೆ ಆಕೆ ಬರಿಗಾಲಲ್ಲಿ ನಡೆದದ್ದನ್ನು ನೋಡಿದ್ದೆ. ಈಗ ಕವರು ಬಿಚ್ಚಿ ಹವಾಯಿ ತೆಗೆದು ಕಾಲಿಗೆ ಹಾಕಿದಳು. ಜೊತೆಯಲ್ಲಿದ್ದ ಹುಡುಗನೊಬ್ಬ ನಗುತ್ತಾ ಕೇಳಿದ, "ಯಾಕಬೇ ಆಯಿ, ಹರಕಿ ಮುರೀತೇನು?" ಅಜ್ಜಿ ತಲೆ ಎತ್ತಲೂ ಇಲ್ಲ. "ನನ್ನ ಹರಕಿ ಮಲ್ಲಯ್ಯಗ ಐತಿ. ಡಾಂಬರಿಗೇನ ಇಲ್ಲಲ್ಲ" ಅಂದಳು. ಡಾಂಬರು ಹಾಕುವ ಮುಂಚೆ ತನ್ನ ಅತ್ತೆ ಇದೇ ದಾರಿಯಲ್ಲಿ ನಡೆದಿದ್ದಳಂತೆ, ಆಗ ಮಣ್ಣು ಇತ್ತಂತೆ. ಬಿಸಿಲಿಳಿದ ಮೇಲೆ ಹವಾಯಿ ಮತ್ತೆ ಕವರು ಸೇರಿತು.

ಹಿರಿಯರು ಹೇಳುವ "ನಮ್ಮಪ್ಪ ಬರಿಗಾಲಾಗ" ಅನ್ನುವ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಕೇಳಿಲ್ಲ. ಆ ಅಪ್ಪ ವರ್ಷವಿಡೀ ಹೊಲದಲ್ಲಿ ಬರಿಗಾಲಲ್ಲೇ ಇದ್ದವನು. ಅಂಗಾಲಿನ ಚರ್ಮ ಅವನಿಗೆ ಆಗಲೇ ಚಪ್ಪಲಿಯಾಗಿತ್ತು. ಮನೆಯೊಳಗೂ ಸ್ಲಿಪ್ಪರ್ ಹಾಕುವ ನಾವು ಹರಕೆಯ ಹೆಸರಲ್ಲಿ ಒಂದೇ ದಿನದಲ್ಲಿ ಅವನಂತಾಗುತ್ತೇವೆ ಅನ್ನುವುದು ಭಕ್ತಿಗಿಂತ ಹುಂಬತನ ಅನಿಸುತ್ತದೆ ನನಗೆ. ಸಕ್ಕರೆ ಕಾಯಿಲೆ ಇರುವವರಂತೂ ಬರಿಗಾಲಲ್ಲಿ ನಡೆಯಲೇಬಾರದು. ಅವರಲ್ಲಿ ಎಷ್ಟೋ ಜನಕ್ಕೆ ಅಂಗಾಲಿನ ಸ್ಪರ್ಶವೇ ಮಂದವಾಗಿರುತ್ತದೆ. ಸುಟ್ಟರೂ, ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಗಾಯ ಕೀವಾಗಿರುತ್ತದೆ. ಹಾಗಂತ ಬರಿಗಾಲಿನವರೆಲ್ಲ ಹುಂಬರು ಅಂತಲ್ಲ. ತಿಂಗಳುಗಟ್ಟಲೆ ಮುಂಚೆ ಹೊಲದ ದಾರಿಯಲ್ಲಿ ಬರಿಗಾಲಲ್ಲಿ ಓಡಾಡಿ ತಯಾರಾಗುವವರನ್ನು ನೋಡಿದ್ದೇನೆ. ಅವರು ಇದನ್ನೆಲ್ಲ ಜೋರಾಗಿ ಹೇಳಿಕೊಳ್ಳುವುದಿಲ್ಲ. ಹೇಳಿಕೊಳ್ಳುವವರೇ ಬೇರೆ.

ಮರದ ಕೆಳಗಿನ ಹೊಲಿಗೆ

ಕೊಲ್ಹಾಪುರಿ ಹಾಕಿಕೊಂಡು ಹೋಗಬಹುದಾ ಅಂತಲೂ ಕೇಳುತ್ತಾರೆ. ಹೆಸರು ಕೊಲ್ಹಾಪುರದ್ದಾದರೂ ಅಥಣಿ, ನಿಪ್ಪಾಣಿ ಕಡೆ ಇದನ್ನು ಮಾಡುವ ಮನೆಗಳು ಎಷ್ಟೋ ಇವೆ. 2019ರಲ್ಲಿ ಭೌಗೋಳಿಕ ಗುರುತಿನ ಜಿಐ ಟ್ಯಾಗ್ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಅದರಲ್ಲಿ ಸೇರಿದವು. ಹಳೆಯದಾಗಿ, ಎಣ್ಣೆ ಕುಡಿದು, ನಿಮ್ಮ ಪಾದದ ಅಚ್ಚು ಬಿದ್ದ ಕೊಲ್ಹಾಪುರಿಯಾದರೆ ಒಣ ರಸ್ತೆಯಲ್ಲಿ ಅದರಷ್ಟು ತಣ್ಣಗಿರುವುದು ಇನ್ನೊಂದಿಲ್ಲ. ಹೊಸದಾದರೆ ಒಂದು ಹಗಲು ಸಾಕು, ಹೆಬ್ಬೆರಳಿನ ಉಂಗುರ ಚರ್ಮ ಕಿತ್ತು ತೆಗೆಯುತ್ತದೆ. ಕಾಡಿನ ಕಲ್ಲಿನ ಮೇಲೆ ಮಾತ್ರ ಹಳೆಯದೂ ಜಾರುತ್ತದೆ.

ದಾರಿಯಲ್ಲಿ ಒಂದು ಊರಿನ ಅಗಸೆ ಬಾಗಿಲ ಮುಂದೆ, ಮರದ ಕೆಳಗೆ ಒಬ್ಬ ಮುದುಕ ಕೂತಿದ್ದ. ಮುಂದೆ ಕಬ್ಬಿಣದ ಅಚ್ಚು, ಉಳಿ, ಮೇಣ ಹಚ್ಚಿದ ದಾರ. ಪಾದಯಾತ್ರೆಯವರ ಹರಿದ ಚಪ್ಪಲಿ ಹೊಲಿದುಕೊಡುತ್ತಿದ್ದ. ನನ್ನ ಸ್ಯಾಂಡಲ್ಲಿನ ಹಿಂದಿನ ಪಟ್ಟಿ ಬಿಟ್ಟಿತ್ತು. ಕೊಟ್ಟೆ. ಅವನು ಪಟ್ಟಿಯನ್ನು ನೋಡುವ ಮೊದಲು ಚಪ್ಪಲಿಯನ್ನು ತಿರುಗಿಸಿ ಅಡಿಯ ಸವೆತ ನೋಡಿದ. ಹಿಮ್ಮಡಿಯ ಹೊರಗಿನ ಅಂಚು ಸವೆದಿತ್ತು. "ಎಡಗಾಲ ಮ್ಯಾಲ ಜಾಸ್ತಿ ಭಾರ ಹಾಕ್ತೀರಿ. ಬಲಗಾಲಾಗ ನೋವೈತೇನು?" ಇತ್ತು. ಬಲ ಮೊಣಕಾಲು ಹಿಂದಿನ ದಿನದಿಂದ ಹಿಡಿದಿತ್ತು, ಅದನ್ನು ಉಳಿಸಿಕೊಳ್ಳಲು ಎಡಕ್ಕೆ ವಾಲಿ ನಡೆಯುತ್ತಿದ್ದೆ. ನನ್ನ ಜೊತೆಯವರಿಗೂ ಅದು ಗೊತ್ತಾಗಿರಲಿಲ್ಲ. ಪಟ್ಟಿಗೆ ಎರಡು ಸಾಲು ಹೊಲಿಗೆ ಹಾಕಿದ. ದಾರದ ತುದಿ ಒಳಗೆ ಚುಚ್ಚದಂತೆ ಸುತ್ತಿಗೆಯಿಂದ ಬಡಿದು ಕೂರಿಸಿದ. ಆಮೇಲೆ ಒಳಗೆ ಬೆರಳು ಹಾಕಿ ಒಂದು ಸುತ್ತು ಸವರಿ ನೋಡಿ ಕೊಟ್ಟ. ಹಣ ಕೊಡಹೋದರೆ ಕೈ ಹಿಂದೆಗೆದುಕೊಂಡ. "ನಿಮ್ಮ ಕಾಲು ಮಲ್ಲಯ್ಯನ ಕಡೆ ಹೊಂಟಾವ. ನಂದೂ ಒಂದೀಟು ಹೋಗಲಿ."

ಹರಳಯ್ಯನ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ತನ್ನ ಶರಣಿಗೆ ಬಸವಣ್ಣ ಶರಣು ಶರಣಾರ್ಥಿ ಅಂದದ್ದೇ ದೊಡ್ಡ ಋಣವಾಯಿತು ಅಂತ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಲ್ಲೇ ಚಮ್ಮಾವುಗೆ ಮಾಡಿದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡ. ಈ ಕತೆಯನ್ನು ಹರಿಕತೆ, ಪುರಾಣದಲ್ಲಿ ಕೇಳುತ್ತಾ ಕಣ್ಣೊರೆಸಿಕೊಳ್ಳುವ ನಾವು, ಅಗಸೆಯ ಮುಂದೆ ಕೂತವನನ್ನು ಗುಡಿಯ ದಾಸೋಹದ ಪಂಕ್ತಿಯಲ್ಲಿ ನಮ್ಮ ಪಕ್ಕ ಕೂರಿಸಿಕೊಳ್ಳುತ್ತೇವಾ? ಕೆಲವು ಊರಲ್ಲಿ ಹೌದು. ಆ ಊರಲ್ಲಿ ಅವನು ತನ್ನ ಬುತ್ತಿಯನ್ನು ಅಚ್ಚಿನ ಪಕ್ಕದಲ್ಲೇ ಬಿಚ್ಚಿ ಉಣ್ಣುತ್ತಿದ್ದ. ಕೇಳಿದರೆ "ಕೆಲಸ ಐತ್ರೀ, ಬಿಟ್ಟು ಹೋಗಾಕ ಆಗಂಗಿಲ್ಲ" ಅಂದ. ಅದು ನಿಜವೂ ಇರಬಹುದು.

ಟ್ರ್ಯಾಕ್ಟರು ತಿರುಗುವ ಜಾಗ

ಆತ್ಮಕೂರು ದಾಟುವವರೆಗೆ ಏನು ತುಂಬಿಕೊಂಡರೂ ನಡೆಯುತ್ತದೆ. ಗುಂಪಿನ ಟ್ರ್ಯಾಕ್ಟರೋ ಟೆಂಪೋವೋ ಹಿಂದೆ ಬರುತ್ತಿರುತ್ತದೆ. ಹಾಸಿಗೆ, ಪಾತ್ರೆ, ರೊಟ್ಟಿ ಗಂಟು ಎಲ್ಲ ಅದರಲ್ಲಿ. ವೆಂಕಟಾಪುರದಿಂದ ಮುಂದೆ ನಲ್ಲಮಲ ಕಾಡು. ಕಾಲುದಾರಿ ಅಷ್ಟೇ. ಗಾಡಿ ದೋರ್ನಾಲದ ಘಾಟಿ ಸುತ್ತಿಕೊಂಡು ಶ್ರೀಶೈಲಕ್ಕೆ ಬರಬೇಕು. ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನು ದಾಟಿ ಕೈಲಾಸ ದ್ವಾರ ಹತ್ತುವವರೆಗೆ ನಿಮ್ಮ ಸಾಮಾನು ನಿಮ್ಮ ಬೆನ್ನ ಮೇಲೆ.

ಚಪ್ಪಲಿಯ ಪ್ರಶ್ನೆ ನಿಜವಾಗಿ ಬಗೆಹರಿಯುವುದು ಇಲ್ಲಿ. ಟ್ರಾಲಿಯ ಹಿಂಬಾಗಿಲು ತೆಗೆದು ಎಲ್ಲರೂ ಚೀಲ ಬಿಚ್ಚಿ ಕೂರುತ್ತಾರೆ. ಒಬ್ಬೊಬ್ಬರ ಚೀಲದಿಂದ ಎರಡು ಜೊತೆ, ಮೂರು ಜೊತೆ ಹೊರಬರುತ್ತವೆ. ಹಿಮ್ಮಡಿ ಕತ್ತರಿಸಿ ಚಪ್ಪಲಿ ಮಾಡಿಕೊಂಡ ಹೊಸ ಶೂ. ಬೆರಳು ಹೊರಬರಲಿ ಅಂತ ಬ್ಲೇಡಿನಿಂದ ಮುಂಭಾಗ ಕೊಯ್ದ ಸ್ಪೋರ್ಟ್ಸ್ ಶೂ. ಒಂದೂ ದಿನ ಹಾಕದೆ ಬಾಕ್ಸಿನಲ್ಲೇ ಬಂದ ದೊಡ್ಡ ಟ್ರೆಕ್ಕಿಂಗ್ ಬೂಟು. ಯಾವುದು ಕಾಲಿಗೆ, ಯಾವುದು ಬೆನ್ನಿಗೆ, ಯಾವುದು ಟ್ರಾಲಿಗೆ ಅಂತ ಕೈಯಲ್ಲಿ ಹಿಡಿದು ತೂಗುತ್ತಾರೆ. ಅಷ್ಟು ದೂರ ನಡೆದ ಮೇಲೆ ಯಾರೂ ಬ್ರ್ಯಾಂಡಿನ ಮಾತಾಡುವುದಿಲ್ಲ. ಭಾರ ಎಷ್ಟು, ಬೆರಳು ಆಡುತ್ತಾ, ಅಡಿಯಲ್ಲಿ ಹಿಡಿತ ಇದೆಯಾ, ಇಷ್ಟೇ ಮಾತು.

ಕಾಡಿನ ದಾರಿ ರಸ್ತೆಯ ತದ್ವಿರುದ್ಧ. ಉರುಳುವ ಕಲ್ಲು, ಹಳೆಯ ಕಲ್ಲಿನ ಮೆಟ್ಟಿಲು, ಬೇರು. ಈ ಕಡೆಯ ಮೆಟ್ಟಿಲುಗಳನ್ನು 14ನೇ ಶತಮಾನದ ರೆಡ್ಡಿ ಅರಸರು ಕಟ್ಟಿಸಿದರು ಅನ್ನುತ್ತಾರೆ. ಎಷ್ಟೋ ಕಡೆ ಅವು ಅಲ್ಲಾಡುತ್ತವೆ. ಭೀಮುನಿಕೊಲನಿನ ಕಡೆ ಕಣಿವೆಗೆ ಕಡಿದಾಗಿ ಇಳಿದು, ಆ ಕಡೆ ಅಷ್ಟೇ ಕಡಿದಾಗಿ ಹತ್ತಬೇಕು. ಹತ್ತುವಾಗ ಉಸಿರು ಹೋಗುತ್ತದೆ, ಇಳಿಯುವಾಗ ಉಗುರು ಹೋಗುತ್ತದೆ. ಪಾದ ಮುಂದೆ ಜಾರಿ ಬೆರಳು ಶೂ ಮೂತಿಗೆ ಬಡಿದು ಬಡಿದು ಉಗುರು ಕಪ್ಪಾಗುತ್ತದೆ. ಇಳಿಯುವ ಮೊದಲು ಹಿಮ್ಮಡಿ ಹಿಂದಕ್ಕೆ ಒತ್ತಿ, ಕಣಕಾಲಿನ ಹತ್ತಿರ ಲೇಸು ಬಿಗಿದು ಕಟ್ಟಿದರೆ ಇದು ಬಹಳ ಕಡಿಮೆಯಾಗುತ್ತದೆ. ಪಟ್ಟಿಯ ಸ್ಯಾಂಡಲ್ಲಿಗೆ ಇಲ್ಲಿ ಬೇರೆ ತೊಂದರೆ. ಹೆಜ್ಜೆಗೊಂದು ಹರಳು ಒಳಗೆ ಸೇರುತ್ತದೆ. ಹವಾಯಿಯಂತೂ ಇಳಿಜಾರಿನಲ್ಲಿ ಉಂಗುಷ್ಟ ಕಿತ್ತುಕೊಂಡು ನಿಮ್ಮನ್ನು ಬಿಟ್ಟು ಮುಂದೆ ಹೋಗುತ್ತದೆ.

ಹಾಗಾಗಿ ಫೋನ್ ಮಾಡಿದವರಿಗೆ ನಾನು ಈಗ ಹೇಳುವುದು ಹೀಗೆ. ಕಡಿಮೆ ತೂಕದ, ಒಂದು ನಂಬರು ದೊಡ್ಡದಾದ, ಆಗಲೇ ಹಾಕಿ ಹಳತಾದ ಓಡುವ ಶೂ ಒಂದು. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಒಂದು. ರಸ್ತೆಯ ದಿನಗಳಲ್ಲಿ ಎರಡನ್ನೂ ಬದಲಿಸಿ ಬದಲಿಸಿ ಹಾಕಿ, ಒತ್ತುವ ಜಾಗ ಬದಲಾಗುತ್ತದೆ. ಕಾಡಿಗೆ ಶೂ. ಭಾರದ ಬೂಟು ಬೇಡ, ಕಾಲಿಗೆ ಕಟ್ಟಿದ ಕಾಲು ಕಿಲೋ ಬೆನ್ನ ಮೇಲಿನ ಕಾಲು ಕಿಲೋಗಿಂತ ಎಷ್ಟೋ ಪಾಲು ಹೆಚ್ಚು ದಣಿಸುತ್ತದೆ. ಸಂಜೆಗೆ ಹಳೆಯ ಹವಾಯಿ. ಬರಿಗಾಲಿನ ಹರಕೆ ಇದ್ದವರೂ ಆ ಅಜ್ಜಿಯ ಹಾಗೆ ಒಂದು ಜೊತೆ ಕವರಿನಲ್ಲಿ ಇಟ್ಟುಕೊಳ್ಳಿ.

ಕೈಲಾಸ ದ್ವಾರದಲ್ಲಿ ಹೆಚ್ಚಿನವರು ಶೂ ಬಿಚ್ಚಿ ಕೈಗೆ ತಗೊಳ್ಳುತ್ತಾರೆ. ಯಾರೂ ಬಿಚ್ಚಿ ಅನ್ನುವುದಿಲ್ಲ. ಅಲ್ಲಿಂದ ಮಲ್ಲಯ್ಯನ ಊರು ಶುರು ಅಂತ ಕಾಲಿಗೇ ಅನಿಸುತ್ತದೆ ಅಂತ ಕಾಣುತ್ತೆ. ಗುಡಿ ಹತ್ತಿರ ಯುಗಾದಿಯ ಜನಜಂಗುಳಿ. ಬೀದಿಯಲ್ಲಿ ಕಿವಿಗೆ ಬೀಳುವುದೆಲ್ಲ ಕನ್ನಡವೇ. ಅಲ್ಲಿ ಚಪ್ಪಲಿ ಬಿಡುವಾಗ ಎರಡನ್ನೂ ಸೇರಿಸಿ ಕಟ್ಟಿ ಚೀಲದಲ್ಲಿ ಹಾಕಿಕೊಳ್ಳುವುದು ವಾಸಿ. ನಮ್ಮ ಗುಂಪಿನ ಗೆಳೆಯನೊಬ್ಬ ಹಾಗೆ ಮಾಡಲಿಲ್ಲ. ಟೇಪು, ಸಾಕ್ಸು, ಅಳತೆ ಎಲ್ಲವನ್ನೂ ಹೇಳಿದ ಹಾಗೆ ಪಾಲಿಸಿ ಪೂರ್ತಿ ದಾರಿಯಲ್ಲಿ ಒಂದೂ ಬೊಬ್ಬೆ ಇಲ್ಲದೆ ಬಂದಿದ್ದವನು ಅವನೊಬ್ಬನೇ. ದರ್ಶನ ಮುಗಿಸಿ ಬಂದರೆ ಶೂ ಇರಲಿಲ್ಲ. ಬೀದಿಯ ಅಂಗಡಿಯಲ್ಲಿ ಹೊಸ ಹವಾಯಿ ತಗೊಂಡ. ಬಸ್ ಸ್ಟ್ಯಾಂಡಿಗೆ ನಡೆದು ಬಂದು ಸೀಟು ಹಿಡಿದು ಕೂತ ಮೇಲೆ ಕಾಲೆತ್ತಿ ತೋರಿಸಿದ. ಹೆಬ್ಬೆರಳಿನ ಸಂದಿಯಲ್ಲಿ ಬೊಬ್ಬೆ ಎದ್ದಿತ್ತು.